ಕೊನೆಯ ಬೆಂಚಿನ ಮೇಲೊಂದು ಕಿವಿ

‘ಶರ್ಕರಾ ಪದದ ತದ್ಭವ ಯಾವುದು?’ ಅಂತ ಕೇಳಿದ್ದೆ. ಎಂಟನೇ ತರಗತಿ, ಊಟ ಮುಗಿದ ಮೇಲಿನ ಮೊದಲ ಪೀರಿಯಡ್ಡು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಮೆಲುದನಿಯಲ್ಲಿ ಉತ್ತರ ಹೇಳಿದಳು. ನನಗೆ ಕೇಳಿಸಿದ್ದು ‘ಅಕ್ಕರ’. ‘ಅದು ಅಕ್ಷರದ ತದ್ಭವ ಕಣಮ್ಮ, ಪಾಠ ಮಾಡುವಾಗ ಎಲ್ಲಿರುತ್ತೆ ನಿನ್ನ ಗಮನ?’ ಅಂದುಬಿಟ್ಟೆ. ಅವಳು ತಲೆ ತಗ್ಗಿಸಿ ಕೂತಳು. ಪಕ್ಕದವಳು ಎದ್ದು, ‘ಮಿಸ್, ಅವಳು ಸಕ್ಕರೆ ಅಂತಾನೇ ಹೇಳಿದ್ಲು’ ಅಂದಳು. ಮುಂದಿನ ಬೆಂಚಿನ ಮಕ್ಕಳೂ ಹೌದೆಂದು ತಲೆಯಾಡಿಸಿದರು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ನನಗೆ ಅವತ್ತು ಒಂದು ‘ಸ’ಕಾರ ಕೇಳಿಸಿರಲಿಲ್ಲ.

ಮನೆಯಲ್ಲಿ ಇದು ಎರಡು ವರ್ಷ ಮೊದಲೇ ಶುರುವಾಗಿತ್ತು. ಟೀವಿಯ ಸದ್ದು ಏರುತ್ತಾ ಹೋಗಿತ್ತು. ನಮ್ಮ ಮನೆಯವರು ಇನ್ನೊಂದು ಕೋಣೆಯಿಂದ ಏನಾದರೂ ಹೇಳಿದರೆ ‘ಏನಂದ್ರಿ?’ ಅಂತ ಎರಡೆರಡು ಸಲ ಕೇಳುತ್ತಿದ್ದೆ. ಅವರು ಗೊಣಗುತ್ತಾರೆ ಅಂತಲೇ ನಾನು ನಂಬಿದ್ದೆ. ಮನೆಯವರ ಮೇಲೆ ತಪ್ಪು ಹೊರಿಸಿದರೆ ಅವರು ತಿರುಗಿ ಮಾತಾಡುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಹದಿಮೂರು ವರ್ಷದ ಮಗುವಿಗೆ ಹಾಗೆ ತಿರುಗಿ ಮಾತಾಡಲು ಬರುವುದಿಲ್ಲ. ಆ ಕಾರಣಕ್ಕೆ ಮರುವಾರ ಮಾನಸಗಂಗೋತ್ರಿಗೆ ಹೋದೆ.

ಮೈಸೂರಿನವರಿಗೆ ಅಲ್ಲಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಕೈಯಳತೆಯಲ್ಲೇ ಇದೆ. ಸದ್ದು ಒಳಹೋಗದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ‘ಪೀ’ ಅನ್ನುವ ಸದ್ದು ಕೇಳಿದಾಗಲೆಲ್ಲ ಬಟನ್ ಒತ್ತಿ ಅಂದರು. ಕೊನೆಗೆ ಕೈಗೆ ಬಂದ ಆಡಿಯೋಗ್ರಾಮ್‌ನಲ್ಲಿ ಗೆರೆ ಎಡದಲ್ಲಿ ನೆಟ್ಟಗಿದ್ದು ಬಲಕ್ಕೆ ಹೋದಂತೆ ಇಳಿಜಾರಾಗಿತ್ತು. 500 ಹರ್ಟ್ಸ್‌ನಲ್ಲಿ 15 ಡೆಸಿಬೆಲ್, 1000ದಲ್ಲಿ 20, 2000ದಲ್ಲಿ 30, 4000ದಲ್ಲಿ 45. ನಾಲ್ಕರ ಸರಾಸರಿ 27.5. ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ಶ್ರವಣ ವರದಿಯಲ್ಲಿ 20ರಿಂದ 35ರ ಒಳಗಿನದನ್ನು ಅಲ್ಪ ಶ್ರವಣದೋಷ ಅಂತ ಕರೆದಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕಿವಿ ಸ್ವಲ್ಪ ಮಂದ. ಆ ‘ಸ್ವಲ್ಪ’ ಎಂಬ ಮಾತು ಎಷ್ಟು ಮೋಸದ್ದು ಅಂತ ಆ ಗೆರೆಯ ಇಳಿಜಾರು ನೋಡಿದ ಮೇಲೆ ತಿಳಿಯಿತು.

ಮಾತಿನ ಬಲವೆಲ್ಲ ಇರುವುದು ಸ್ವರಗಳಲ್ಲಿ, ಅವು ತಗ್ಗಿನ ಕಂಪನಾಂಕದಲ್ಲಿರುತ್ತವೆ. ಮಾತಿನ ಅರ್ಥವನ್ನು ಒಂದರಿಂದ ಒಂದು ಬೇರೆ ಮಾಡುವುದು ವ್ಯಂಜನಗಳು. ಅದರಲ್ಲೂ ಸ, ಶ, ಚ, ತ, ಕ, ಪಗಳ ಸುಳುಹು ಹೆಚ್ಚಾಗಿ ಎತ್ತರದ ಕಂಪನಾಂಕದಲ್ಲಿದೆ, ಸಕಾರದ್ದಂತೂ ಇನ್ನೂ ಬಹಳ ಮೇಲೆ. ವಯಸ್ಸಾದಂತೆ ಒಳಗಿವಿಯಲ್ಲಿ ಮೊದಲು ಸವೆಯುವ ರೋಮಕೋಶಗಳು ಈ ಎತ್ತರದ ಸದ್ದುಗಳನ್ನು ಹಿಡಿಯುವಂಥವೇ. ಕನ್ನಡದ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುವುದರಿಂದ ಮಾತಿನ ಲಯ, ಏರಿಳಿತ, ವಾಕ್ಯ ಮುಗಿದದ್ದು ಎಲ್ಲ ನನಗೆ ಸ್ಪಷ್ಟವಾಗಿ ಕೇಳುತ್ತದೆ. ಕ್ರಿಯಾಪದದ ಕೊನೆಯ ‘ತಾನೆ, ತಾಳೆ, ತಾರೆ’ಗಳು ಸಿಗುತ್ತವೆ, ಹಾಗಾಗಿ ಯಾರ ವಿಷಯ ಅಂತ ತಿಳಿಯುತ್ತದೆ. ಏನು ಮಾಡಿದರು ಅನ್ನುವುದು ಜಾರಿಹೋಗುತ್ತದೆ. ಅತ್ತೆ, ಕತ್ತೆ, ಪತ್ತೆ ಮೂರೂ ನನಗೆ ಒಂದೇ ಆಗಿಬಿಡುತ್ತವೆ. ‘ಕೇಳ್ಸುತ್ತೆ, ಅರ್ಥ ಆಗಲ್ಲ’ ಅಂತ ನಮ್ಮ ತಾಯಿ ಕೊನೆಗಾಲದಲ್ಲಿ ಹೇಳುತ್ತಿದ್ದರು. ನಾವು ಮಕ್ಕಳೆಲ್ಲ ಅದನ್ನು ಮರೆವು ಅಂದುಕೊಂಡಿದ್ದೆವು.

ಇಷ್ಟು ವಿವರಿಸಿದ್ದಕ್ಕೆ ಕಾರಣವಿದೆ. ಕಿವಿ ಮಂದವಾದವರಿಗೆಂದು ಬಂದಿರುವ ಫೋನಿನ ಆಪ್‌ಗಳನ್ನು ಅಳೆಯಲು ನಾನು ಇಟ್ಟುಕೊಂಡ ಅಳತೆಗೋಲು ಒಂದೇ: ಕಳೆದುಹೋದ ಆ ಸಕಾರವನ್ನು ಅದು ನನಗೆ ಮರಳಿಸುತ್ತದೆಯೇ? ಸದ್ದು ಜೋರು ಮಾಡುವುದು ಬೇರೆ ಕೆಲಸ. ಟೀವಿಯ ರಿಮೋಟು ಅದನ್ನು ಮಾಡುತ್ತದೆ.

ಆಡಿಯಾಲಜಿಸ್ಟರು ಹಿಯರಿಂಗ್ ಏಡ್ ಟ್ರಯಲ್ ನೋಡಬಹುದು, ತುರ್ತಿಲ್ಲ ಅಂದರು. ಒಂದು ಕಿವಿಯದ್ದಕ್ಕೇ ಹತ್ತಾರು ಸಾವಿರ. ಸರ್ಕಾರದ ನೆರವು ನನ್ನಂಥವರಿಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬೆಲ್ ನಷ್ಟ ಇದ್ದರೆ ಮಾತ್ರ ‘ಕಿವಿ ಮಂದ’ ಅಂತ ಲೆಕ್ಕ. ಅದಕ್ಕಿಂತ ಕೆಳಗಿರುವ, ಕೆಲಸಕ್ಕೆ ಹೋಗುವ, ಮನೆ ನಡೆಸುವ ದೊಡ್ಡ ಸಮುದಾಯ ಯಾವ ಪಟ್ಟಿಗೂ ಸೇರದೆ ಉಳಿದಿದೆ. ಪುಕ್ಕಟೆ ಆಪ್‌ಗಳು ಬಂದು ನಿಂತಿರುವುದು ಇದೇ ಖಾಲಿ ಜಾಗದಲ್ಲಿ. ನಾನೂ ಅಲ್ಲಿಗೇ ಹೋದೆ. ದುಡ್ಡು ಒಂದು ಕಾರಣ, ಕಿವಿ ಮಿಷನ್ ಹಾಕಿಕೊಂಡು ತರಗತಿಗೆ ಹೋಗುವ ಸಂಕೋಚ ಇನ್ನೊಂದು.

ಇವುಗಳ ಕೆಲಸದ ರೀತಿ ಸರಳ. ಫೋನಿನ ಮೈಕು ಸುತ್ತಲಿನ ಸದ್ದನ್ನು ಹಿಡಿಯುತ್ತದೆ, ಆಪ್ ಅದನ್ನು ಹೆಚ್ಚಿಸಿ, ಒಂದಿಷ್ಟು ಗದ್ದಲ ಕಳೆದು, ನಾವು ಹಾಕಿಕೊಂಡ ಇಯರ್‌ಫೋನಿಗೆ ಕಳಿಸುತ್ತದೆ. ಆ್ಯಪಲ್ 2018ರಲ್ಲಿ ‘ಲೈವ್ ಲಿಸನ್’ ಸೌಲಭ್ಯವನ್ನು ತನ್ನ ಏರ್‌ಪಾಡ್‌ಗಳಿಗೆ ಕೊಟ್ಟಿತು. ಗೂಗಲ್ 2019ರಲ್ಲಿ ‘ಸೌಂಡ್ ಆಂಪ್ಲಿಫೈಯರ್’ ತಂದಿತು. ಫೋನಿನ ಆಪ್ ಅಂಗಡಿಯಲ್ಲಿ ಹುಡುಕಿದರೆ ಇದೇ ಕೆಲಸದ್ದು ಇನ್ನೂ ಹತ್ತಾರು ಸಿಗುತ್ತವೆ. ಕೆಲವದರಲ್ಲಿ ಮೊದಲೊಂದು ಶ್ರವಣ ಪರೀಕ್ಷೆಯೂ ಇರುತ್ತದೆ. ಆ ಪರೀಕ್ಷೆಯನ್ನು ಎಷ್ಟು ನಂಬಬೇಕು ಅನ್ನುವುದು ಕಿವಿಯಲ್ಲಿರುವ ಇಯರ್‌ಫೋನಿನ ಮೇಲೆ ನಿಂತಿದೆ. ಫೋನು ಇಂತಿಷ್ಟು ಸದ್ದು ಅಂತ ಕಳಿಸಿದ್ದನ್ನು ಮುನ್ನೂರು ರೂಪಾಯಿಯ ಇಯರ್‌ಫೋನು ಒಂದು ಥರ ನುಡಿಸುತ್ತದೆ, ಮೂರು ಸಾವಿರದ್ದು ಇನ್ನೊಂದು ಥರ. ಆಸ್ಪತ್ರೆಯ ಹೆಡ್‌ಫೋನನ್ನು ಕಾಲಕಾಲಕ್ಕೆ ಅಳತೆಗೆ ಹೊಂದಿಸುತ್ತಾರೆ. ಫೋನಿನ ಪರೀಕ್ಷೆಗೆ ಆ ಭದ್ರತೆ ಇರುವುದು ಆ ಇಯರ್‌ಫೋನಿನ ಅಳತೆ ಆಪ್‌ಗೆ ಮೊದಲೇ ಗೊತ್ತಿದ್ದಾಗ ಮಾತ್ರ. ನಾನು ಪ್ರಯತ್ನಿಸಿದ ಒಂದು ಆಪ್ ಬೆಳಿಗ್ಗೆ ಒಂದು ಇಯರ್‌ಫೋನಿನಲ್ಲಿ ನನ್ನ ಶ್ರವಣ ಸಹಜ ಅಂತ ತೋರಿಸಿತು, ಸಂಜೆ ಇನ್ನೊಂದರಲ್ಲಿ ಎಡಗಿವಿಯ ನಷ್ಟ ಗಂಭೀರ ಅಂತ ತೋರಿಸಿತು. ನನ್ನ ಕೈಯಲ್ಲಿ ಅಸಲಿ ಆಡಿಯೋಗ್ರಾಮ್ ಇತ್ತು, ಹೆದರಲಿಲ್ಲ. ಅದಿಲ್ಲದವರ ಗತಿ ಯೋಚಿಸಿ.

ಮೊದಲ ಪ್ರಯೋಗ ಅಡುಗೆಮನೆಯಲ್ಲಾಯಿತು. ಸೀರೆಯ ಸೊಂಟಕ್ಕೆ ಫೋನು ಸಿಕ್ಕಿಸಿ, ಕತ್ತಿಗೆ ಬ್ಲೂಟೂತ್ ನೆಕ್‌ಬ್ಯಾಂಡ್ ಹಾಕಿ, ಸೊಸೆಯ ಜೊತೆ ಮಾತಾಡುತ್ತಾ ಹುರುಳಿಕಾಯಿ ಹೆಚ್ಚುತ್ತಿದ್ದೆ. ಐದು ನಿಮಿಷ ತಡೆಯಲಾಗಲಿಲ್ಲ. ಒಗ್ಗರಣೆಗೆ ಸಾಸಿವೆ ಬಿದ್ದದ್ದು ಪಟಾಕಿಯ ಸರದಂತೆ ಕೇಳಿತು. ನಲ್ಲಿಯ ನೀರು, ಎಕ್ಸಾಸ್ಟ್ ಫ್ಯಾನು, ಸೀರೆಗೆ ಫೋನು ಉಜ್ಜುವ ಸದ್ದು ಎಲ್ಲ ಒಟ್ಟಿಗೆ ಏರಿದವು. ಸೊಸೆಯ ಮಾತೂ ಏರಿತು, ಆದರೆ ಅವುಗಳ ನಡುವೆ ಮೊದಲೆಷ್ಟು ಮುಳುಗಿತ್ತೋ ಅಷ್ಟೇ ಮುಳುಗಿತ್ತು. ಸ್ಟೀಲ್ ತಟ್ಟೆಯೊಂದು ಕೆಳಗೆ ಬಿದ್ದಾಗ ಕಿವಿಯಲ್ಲಿ ಮೊಳೆ ಹೊಡೆದಂತಾಯಿತು. ನನ್ನಂಥ ಮಂದ ಕಿವಿಯವರಿಗೆ ಮೆಲ್ಲನೆಯ ಸದ್ದು ಕೇಳುವುದಿಲ್ಲ, ಹಾಗಂತ ಜೋರು ಸದ್ದು ಕಡಿಮೆಯೇನೂ ಕೇಳುವುದಿಲ್ಲ. ಅದು ಎಲ್ಲರಷ್ಟೇ ಜೋರಾಗಿ ಬಂದು ಬಡಿಯುತ್ತದೆ. ಆದ್ದರಿಂದ ಒಳ್ಳೆಯ ಹಿಯರಿಂಗ್ ಏಡ್ ಮೆಲುದನಿಯನ್ನು ಹೆಚ್ಚು ಏರಿಸಿ, ಜೋರು ದನಿಯನ್ನು ಬಹುತೇಕ ಇದ್ದ ಹಾಗೇ ಬಿಟ್ಟು, ಅದೂ ಒಂದೊಂದು ಕಂಪನಾಂಕಕ್ಕೆ ಒಂದೊಂದು ಲೆಕ್ಕದಲ್ಲಿ, ಕೆಲಸ ಮಾಡುತ್ತದೆ. ಎಲ್ಲವನ್ನೂ ಒಂದೇ ಸಮ ಎತ್ತುವ ಆಪ್‌ನಿಂದ ಕಿವಿಗೆ ಉಪಕಾರವಿಲ್ಲ. ದಿನವಿಡೀ ಜೋರಾಗಿಟ್ಟುಕೊಂಡರೆ ಉಳಿದ ಕಿವಿಗೂ ಅಪಾಯ.

ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮವಾದದ್ದು. ಸೊಸೆಯ ತುಟಿ ಆಡಿದ್ದು ಒಂದು ಗಳಿಗೆ, ಮಾತು ಕಿವಿಗೆ ಬಿದ್ದದ್ದು ಅದರ ನಂತರದ ಗಳಿಗೆ. ಸರಿಯಾಗಿ ಡಬ್ಬಿಂಗ್ ಆಗದ ಸಿನಿಮಾ ನೋಡಿದ ಹಾಗೆ. ಹಿಯರಿಂಗ್ ಏಡ್ ಸದ್ದನ್ನು ಹಿಡಿದು, ತಿದ್ದಿ, ಕಿವಿಗೆ ಬಿಡಲು ಸಾಮಾನ್ಯವಾಗಿ 10 ಮಿಲಿಸೆಕೆಂಡಿಗಿಂತ ಕಡಿಮೆ ತೆಗೆದುಕೊಳ್ಳುತ್ತದೆ. ಫೋನಿನಿಂದ ಬ್ಲೂಟೂತ್ ದಾಟಿ ಬರುವ ಸದ್ದಿಗೆ 100ರಿಂದ 200 ಮಿಲಿಸೆಕೆಂಡು ಸುಲಭವಾಗಿ ಹಿಡಿಯುತ್ತದೆ. ಕಿವಿ ಮಂದವಾದವರು ತಮಗೇ ಗೊತ್ತಿಲ್ಲದೆ ತುಟಿ ನೋಡಿ ಅರ್ಧ ಮಾತು ಊಹಿಸುತ್ತಿರುತ್ತಾರೆ. ತುಟಿಗೂ ದನಿಗೂ ತಾಳ ತಪ್ಪಿದರೆ ಇದ್ದ ಆಸರೆಯೂ ಹೋಗುತ್ತದೆ. ಜೊತೆಗೆ ರಬ್ಬರ್ ತುದಿಯ ಇಯರ್‌ಬಡ್ ಕಿವಿಯನ್ನು ಮುಚ್ಚಿ ಕೂತಾಗ ನಮ್ಮದೇ ದನಿ ತಲೆಯೊಳಗೆ ಮೊಳಗುತ್ತದೆ. ಆ ದನಿಯಲ್ಲಿ ಒಂದು ಪೀರಿಯಡ್ ಪಾಠ ಮಾಡುವುದು ಸಾಧ್ಯವಿಲ್ಲದ ಮಾತು. ತಂತಿಯ ಇಯರ್‌ಫೋನಿನಲ್ಲಿ ವಿಳಂಬ ಬಹಳ ಕಡಿಮೆಯಾಗುತ್ತದೆ, ಕೌಂಟರಿನಾಚೆ ಕೂತವರೊಂದಿಗೆ ಎರಡು ನಿಮಿಷ ಮಾತಾಡಲು ಅದು ಸಾಕು. ಅಡುಗೆಮನೆಗೂ ತರಗತಿಗೂ ಅದು ಒಗ್ಗಲಿಲ್ಲ.

ಇಲ್ಲಿಗೆ ಬಿಟ್ಟುಬಿಡುವುದರಲ್ಲಿದ್ದೆ. ಆಗ ನನ್ನ ತಂಗಿಯ ಮಗ ಒಂದು ಮಾತು ಹೇಳಿದ: ‘ದೊಡ್ಡಮ್ಮ, ಫೋನನ್ನ ನಿಮ್ಮ ಹತ್ರ ಯಾಕೆ ಇಟ್ಕೋತೀರಿ? ಮಾತಾಡೋರ ಹತ್ರ ಇಡಿ.’

ಈ ಒಂದು ಮಾತಿನಲ್ಲಿ ಇಡೀ ವಿಷಯ ಅಡಗಿದೆ. ಆಪ್ ಕಂಪನಿಗಳು ಜಾಹೀರಾತಿನಲ್ಲಿ ಒತ್ತಿ ಹೇಳಬೇಕಾದದ್ದು ಇದನ್ನೇ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಮಗುವಿನ ಬಾಯಿಂದ ಅರ್ಧ ಮೀಟರಿನಲ್ಲಿ ಮೈಕು ಇದ್ದರೆ, ನಾಲ್ಕು ಮೀಟರಿನಾಚೆ ಕರಿಹಲಗೆಯ ಬಳಿ ನಿಂತ ನನ್ನ ಕಿವಿಗಿಂತ ಅದಕ್ಕೆ 18 ಡೆಸಿಬೆಲ್ ಹೆಚ್ಚು ಸಿಗುತ್ತದೆ. ನಾಲ್ಕು ಗೋಡೆಯ ನಡುವೆ ಸದ್ದು ಪ್ರತಿಫಲಿಸುವುದರಿಂದ ಈ ಲೆಕ್ಕ ಸ್ವಲ್ಪ ಇಳಿಯುತ್ತದೆ, ಆದರೂ ಲಾಭ ಸಣ್ಣದಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಹತ್ತಿರದಲ್ಲಿ ಮಗುವಿನ ಮಾತು ಫ್ಯಾನಿನ ಸದ್ದಿಗಿಂತ ಮೇಲಿರುತ್ತದೆ. ನನ್ನ ಹತ್ತಿರ ಬರುವ ಹೊತ್ತಿಗೆ ಎರಡೂ ಬೆರೆತುಹೋಗಿರುತ್ತವೆ. ಬೆರೆತದ್ದನ್ನು ಬಿಡಿಸುವ ಕೆಲಸ ಯಾವ ಯಂತ್ರಕ್ಕೂ ಕಷ್ಟ. ಬೆರೆಯುವ ಮೊದಲೇ ಹಿಡಿಯುವುದು ಸಾಧಾರಣ ಫೋನಿಗೂ ಆಗುವ ಕೆಲಸ. ಹಿಯರಿಂಗ್ ಏಡ್ ಹಾಕುವವರಿಗೆ ಇದೇ ಕೆಲಸಕ್ಕೆ ರಿಮೋಟ್ ಮೈಕ್ ಅಂತ ಬೇರೆಯೇ ಸಾಧನ ಮಾರುತ್ತಾರೆ, ಅದೂ ದುಬಾರಿಯೇ.

ಹೆಡ್‌ಮಾಸ್ಟರ ಒಪ್ಪಿಗೆ ಕೇಳಿಕೊಂಡೆ. ಮಕ್ಕಳಿಗೂ ಮುಚ್ಚುಮರೆಯಿಲ್ಲದೆ ಹೇಳಿದೆ: ‘ನನಗೆ ಕಿವಿ ಸ್ವಲ್ಪ ಮಂದ ಆಗಿದೆ. ನೀವು ಉತ್ತರ ಹೇಳುವಾಗ ಈ ಫೋನು ನಿಮ್ಮ ಬೆಂಚಿನ ಮೇಲಿರುತ್ತೆ. ನೀವು ಆಡಿದ್ದು ನನ್ನ ಕಿವಿಗೆ ಬರುತ್ತೆ, ರೆಕಾರ್ಡ್ ಆಗಲ್ಲ.’ ತರಗತಿಯಲ್ಲಿ ಒಬ್ಬರೂ ನಗಲಿಲ್ಲ. ತಂಗಿಯ ಮಗ ಕೊಟ್ಟ ಹಳೆಯ ಫೋನು ಬೆಂಚಿನಿಂದ ಬೆಂಚಿಗೆ ಕೈದಾಟಿಸಿಕೊಂಡು ಹೋಗತೊಡಗಿತು. ಮಾತಾಡುವ ಮಗು ಅದನ್ನು ನೋಟ್‌ಬುಕ್ಕಿನ ಮೇಲಿಟ್ಟುಕೊಳ್ಳುತ್ತಿತ್ತು. ನಾನು ಒಂದೇ ಕಿವಿಗೆ ಇಯರ್‌ಬಡ್ ಹಾಕಿಕೊಂಡೆ, ಇನ್ನೊಂದು ಕಿವಿ ತೆರೆದಿಟ್ಟೆ, ಹಾಗಾಗಿ ನನ್ನ ದನಿ ಮೊಳಗುವುದೂ ಕಡಿಮೆಯಾಯಿತು. ವಿಳಂಬ ಇಲ್ಲೂ ಇತ್ತು. ಆದರೆ ಕೊನೆಯ ಬೆಂಚಿನ ಮಗುವಿನ ತುಟಿ ಅಷ್ಟು ದೂರದಿಂದ ನನಗೆ ಹೇಗೂ ಕಾಣುತ್ತಿರಲಿಲ್ಲ, ತಾಳ ತಪ್ಪಿದ್ದು ಬಾಧಿಸಲಿಲ್ಲ. ಎದುರು ಕೂತವರ ಜೊತೆ ಕೆಲಸಕ್ಕೆ ಬಾರದ ಸಾಧನ ದೂರದವರ ಜೊತೆ ಕೆಲಸಕ್ಕೆ ಬಂತು.

ಮೂರನೆಯ ದಿನ ಅದೇ ಹುಡುಗಿಯ ಸರದಿ. ಪಾಠದಿಂದ ಒಂದು ಪ್ಯಾರಾ ಓದಲು ಹೇಳಿದೆ. ಅವಳು ‘ಸಂಜೆ’ ಅಂದದ್ದು, ‘ಶಾಲೆ’ ಅಂದದ್ದು, ‘ಹಸಿವು’ ಅಂದದ್ದು ಪಕ್ಕದಲ್ಲಿ ನಿಂತು ಓದಿದ ಹಾಗೆ ಬಂತು. ‘ಸ’ಕ್ಕೂ ‘ಶ’ಕ್ಕೂ ಅವಳು ಮಾಡುವ ವ್ಯತ್ಯಾಸ ಎಷ್ಟು ಚೊಕ್ಕವಾಗಿದೆ ಅಂತ ನನಗೆ ಮೊದಲ ಸಲ ತಿಳಿದದ್ದು ಆಗ. ವರ್ಷವಿಡೀ ಮೌಖಿಕ ಪರೀಕ್ಷೆಯಲ್ಲಿ ‘ಉಚ್ಚಾರಣೆ ಸುಧಾರಿಸಬೇಕು’ ಅಂತ ಅವಳಿಗೆ ಬರೆದಿದ್ದೆ. ಆ ಸಂಜೆ ಸ್ಟಾಫ್ ರೂಮಿನಲ್ಲಿ ಕೂತು ಅಂಕಪಟ್ಟಿ ತೆಗೆದು, ಹಿಂದಿನ ಎರಡು ಬೆಂಚಿನ ಹನ್ನೊಂದು ಮಕ್ಕಳ ಮೌಖಿಕ ಅಂಕ ನೋಡಿದೆ. ಮುಂದಿನವರಿಗಿಂತ ಅವು ಕಡಿಮೆ ಇದ್ದವು. ಅದರಲ್ಲಿ ಎಷ್ಟು ಪಾಲು ಮಕ್ಕಳದ್ದು, ಎಷ್ಟು ನನ್ನ ಕಿವಿಯದ್ದು ಅಂತ ಈಗ ಬೇರ್ಪಡಿಸಲು ದಾರಿಯಿಲ್ಲ. ಅಷ್ಟೂ ಮಕ್ಕಳಿಗೆ ಫೋನು ಮುಂದಿಟ್ಟುಕೊಂಡು ಮತ್ತೆ ಮೌಖಿಕ ಪರೀಕ್ಷೆ ಮಾಡಿದೆ.

ಹೀಗೆ ಒದಗುವ ಸಾಧನದಲ್ಲಿ ಒಂದು ಮುಳ್ಳೂ ಇದೆ. ಬೆಂಚಿನ ಮೇಲಿಟ್ಟ ಫೋನು ಮಕ್ಕಳು ತಮ್ಮೊಳಗೆ ಪಿಸುಗುಟ್ಟಿದ್ದನ್ನೂ ನನ್ನ ಕಿವಿಗೆ ತರುತ್ತದೆ. ಹಾಲ್‌ನಲ್ಲಿ ಫೋನು ಬಿಟ್ಟು ಒಳಗೆ ಹೋದರೆ, ನಾವು ಎದ್ದು ಬಂದ ಮೇಲೆ ನೆಂಟರು ಆಡಿದ ಮಾತೂ ಕೇಳುತ್ತದೆ. ಹೇಳದೆ ಇಟ್ಟ ಮೈಕು ಕದ್ದಾಲಿಕೆಯೇ, ಕಿವಿ ಮಂದ ಅನ್ನುವುದು ಅದಕ್ಕೆ ಸಮಜಾಯಿಷಿ ಆಗುವುದಿಲ್ಲ. ಈ ಆಪ್‌ಗಳು ಫೋನಿನ ಪರದೆಯ ಮೇಲೆ ದೊಡ್ಡದಾಗಿ, ದೂರದಿಂದಲೂ ಕಾಣುವ ಹಾಗೆ ‘ಕೇಳಿಸಿಕೊಳ್ಳುತ್ತಿದೆ’ ಅಂತ ತೋರಿಸಬೇಕು. ನಾನು ಬಳಸಿದ ಒಂದರಲ್ಲೂ ಅಂಥ ಗುರುತು ಇರಲಿಲ್ಲ. ಪೀರಿಯಡ್ಡಿನಲ್ಲಿ ಉತ್ತರ ಮುಗಿದ ತಕ್ಷಣ ಫೋನನ್ನು ಮಗುಚಿಟ್ಟು ಆಫ್ ಮಾಡುವುದನ್ನು ಮಕ್ಕಳಿಗೇ ಕಲಿಸಿದೆ.

ಆಪ್‌ಗಳ ಲೋಕದಲ್ಲಿ ಇದಕ್ಕಿಂತ ಮುಂದಿನ ಹೆಜ್ಜೆಯೂ ಬಿದ್ದಿದೆ. ಅಮೆರಿಕದಲ್ಲಿ 2022ರ ಅಕ್ಟೋಬರ್‌ನಿಂದ ಅಲ್ಪ ಮತ್ತು ಮಧ್ಯಮ ದೋಷವಿರುವ ವಯಸ್ಕರು ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲೇ ಹಿಯರಿಂಗ್ ಏಡ್ ಕೊಳ್ಳಬಹುದು. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ (ಎಫ್‌ಡಿಎ) ಆ್ಯಪಲ್‌ನ ಸಾಫ್ಟ್‌ವೇರ್ ಒಂದಕ್ಕೆ ಒಪ್ಪಿಗೆ ಕೊಟ್ಟಿತು. ಏರ್‌ಪಾಡ್ಸ್ ಪ್ರೊ 2 ಇಯರ್‌ಬಡ್‌ಗಳನ್ನೇ ಅದು ಹಿಯರಿಂಗ್ ಏಡ್ ಆಗಿ ಮಾರ್ಪಡಿಸುತ್ತದೆ. ಇಲ್ಲಿ ಫೋನು ಪರೀಕ್ಷೆ ಮಾಡಿ ಅಳತೆ ಹೊಂದಿಸುತ್ತದೆ ಅಷ್ಟೆ. ಸದ್ದು ಹಿಡಿಯುವುದು ಕಿವಿಯಲ್ಲಿರುವ ಬಡ್‌ನ ಮೈಕು, ಹಾಗಾಗಿ ಮೇಲೆ ಹೇಳಿದ ವಿಳಂಬದ ತೊಡಕು ನೀಗುತ್ತದೆ. ಒಂದೊಂದು ಕಂಪನಾಂಕಕ್ಕೆ ಬೇರೆ ಬೇರೆ ಲೆಕ್ಕವೂ ಇದೆ. 118 ಜನರ ಮೇಲೆ ನಡೆದ ಅಧ್ಯಯನದಲ್ಲಿ, ತಾವೇ ಹೊಂದಿಸಿಕೊಂಡವರಿಗೂ ಪರಿಣತರಿಂದ ಹೊಂದಿಸಿಕೊಂಡವರಿಗೂ ಅನಿಸಿದ ಪ್ರಯೋಜನ ಹೆಚ್ಚುಕಡಿಮೆ ಒಂದೇ ಆಗಿತ್ತು. ಇದನ್ನು ನಾನು ಗೌರವದಿಂದ ನೋಡುತ್ತೇನೆ. ಆಪ್ ಅನ್ನು ಆಟಿಕೆಯ ಸಾಲಿನಿಂದ ಎತ್ತಿ ಪರೀಕ್ಷೆಗೆ ಒಡ್ಡಿದ್ದು ದೊಡ್ಡ ಕೆಲಸ.

ಬೆಂಗಳೂರಿನ ಮೂವರು ಯುವಕರ ಕಥೆ ಇಲ್ಲಿ ನೆನಪಾಗುತ್ತದೆ. 2024ರ ನವೆಂಬರ್‌ನಲ್ಲಿ ಅದು ದೇಶವಿದೇಶದ ಪತ್ರಿಕೆಗಳಲ್ಲಿ ಬಂತು. ಅಜ್ಜಿಗಾಗಿ ಏರ್‌ಪಾಡ್ಸ್ ತಂದರೆ, ಹಿಯರಿಂಗ್ ಏಡ್ ಸೌಲಭ್ಯ ಆಗ ಭಾರತದಲ್ಲಿ ತೆರೆದಿರಲಿಲ್ಲ. ಅವರು ಅಲ್ಯೂಮಿನಿಯಂ ಫಾಯಿಲ್, ತಾಮ್ರದ ಜಾಲರಿ ಬಳಸಿ ಪೆಟ್ಟಿಗೆ ಕಟ್ಟಿ, ಹೊರಗಿನ ವೈಫೈ ಸಿಗದ ಹಾಗೆ ಮೈಕ್ರೋವೇವ್ ಓವನ್ ಓಡಿಸಿ, ತಾನು ಅಮೆರಿಕದಲ್ಲಿದ್ದೇನೆ ಅಂತ ಸಾಧನ ನಂಬುವಂತೆ ಮಾಡಿದರು. ಅಜ್ಜಿಯ ಕಿವಿಗೆ ಸೌಲಭ್ಯ ಬಂತು. ಸಾಹಸ ಅಂತ ಎಲ್ಲರೂ ಮೆಚ್ಚಿದರು, ನನಗೂ ಮೆಚ್ಚುಗೆಯೇ. ಆದರೆ ಒಬ್ಬ ಅಜ್ಜಿಗೆ ಮನೆಮಂದಿಯ ಮಾತು ಕೇಳಿಸಲು ಮೂವರು ಇಂಜಿನಿಯರುಗಳು ಪೆಟ್ಟಿಗೆ ಕಟ್ಟಬೇಕಾದ ವ್ಯವಸ್ಥೆ ಸರಿಯಿಲ್ಲ. ಆ ಇಯರ್‌ಬಡ್‌ಗೆ ಇಲ್ಲಿ 2023ರಲ್ಲಿದ್ದ ಬೆಲೆ 24,900 ರೂಪಾಯಿ, ಜೊತೆಗೆ ಅದೇ ಕಂಪನಿಯ ಫೋನೂ ಬೇಕು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು ಆರು ಗಂಟೆ ನಡೆಯುತ್ತದೆ. ನನ್ನ ಶಾಲೆಯ ದಿನವೇ ಏಳು ಗಂಟೆಯದ್ದು. ಅಂಥದ್ದನ್ನು ಬಡವರ ಹಿಯರಿಂಗ್ ಏಡ್ ಅಂತ ಕರೆಯುವುದು ನ್ಯಾಯವಲ್ಲ.

ಮಾತನ್ನು ಅಕ್ಷರ ಮಾಡಿ ಪರದೆಯ ಮೇಲೆ ತೋರಿಸುವ ಆಪ್‌ಗಳು ಬೇರೊಂದು ಜಾತಿ. ಗೂಗಲ್‌ನ ‘ಲೈವ್ ಟ್ರಾನ್ಸ್‌ಕ್ರೈಬ್’ 2019ರಲ್ಲಿ ಬಂತು, ಅಮೆರಿಕದ ಗ್ಯಾಲಡೆಟ್ ವಿಶ್ವವಿದ್ಯಾಲಯ ಅದರ ತಯಾರಿಯಲ್ಲಿ ಕೈಜೋಡಿಸಿತ್ತು, ಕನ್ನಡವೂ ಅದಕ್ಕೆ ಬರುತ್ತದೆ. ಪೂರ್ತಿ ಕೇಳದವರಿಗೆ ಇದು ವರ. ಅಲ್ಪ ದೋಷದವರಿಗೆ ಪ್ರತಿ ಮಾತಿಗೂ ಮುಖ ಬಿಟ್ಟು ಪರದೆ ನೋಡುವುದು ನಷ್ಟದ ವ್ಯಾಪಾರ. ಸಭೆಯಲ್ಲಿ, ಆಸ್ಪತ್ರೆಯಲ್ಲಿ, ಹೆಸರು ವಿಳಾಸ ಬರೆದುಕೊಳ್ಳುವಾಗ ಬೇಕಾದೀತು.

ಈಗ ನನ್ನ ಕಟುವಾದ ಆಕ್ಷೇಪಕ್ಕೆ ಬರುತ್ತೇನೆ. ಯಾವ ಆಪ್‌ಗೂ ಕಿವಿಯೊಳಗೆ ನೋಡಲು ಬರುವುದಿಲ್ಲ. ನಮ್ಮ ಪರಿಚಯದ ಗುಮಾಸ್ತರೊಬ್ಬರು ಎಡಗಿವಿ ಕೇಳಿಸುತ್ತಿಲ್ಲ ಅಂತ ಮೂರು ತಿಂಗಳು ಒಂದು ಆಪ್ ಹಾಕಿಕೊಂಡು ಕಳೆದರು. ಕೊನೆಗೆ ಇಎನ್‌ಟಿ ಡಾಕ್ಟರು ನೋಡಿದಾಗ ಕಿವಿಯಲ್ಲಿ ಇದ್ದದ್ದು ಗುಗ್ಗೆ, ಅದೂ ವರ್ಷಗಟ್ಟಲೆ ಕೂತು ಗಟ್ಟಿಯಾದದ್ದು. ಹತ್ತು ನಿಮಿಷದಲ್ಲಿ ತೆಗೆದರು, ಕಿವಿ ಕೇಳಿತು. ಅವರದ್ದು ಅದೃಷ್ಟ. ಕಿವಿ ಸೋರುತ್ತಿದ್ದರೆ, ಕಿವಿತಮಟೆಯಲ್ಲಿ ತೂತಿದ್ದರೆ, ಒಂದೇ ಕಿವಿ ಮಂದವಾಗುತ್ತಾ ಒಂದೇ ಸಮ ಗುಂಯ್‌ಗುಡುತ್ತಿದ್ದರೆ, ತಲೆಸುತ್ತು ಬರುತ್ತಿದ್ದರೆ ಆಪ್ ಅದನ್ನೆಲ್ಲ ಮುಚ್ಚಿಡುತ್ತದೆ. ಒಂದೆರಡು ದಿನದೊಳಗೆ ಏಕಾಏಕಿ ಕಿವಿ ಕೇಳದಾದರೆ ಅದು ಎಮರ್ಜೆನ್ಸಿ. ಕೂಡಲೇ ಔಷಧ ಶುರು ಮಾಡಿದರೆ ಕೇಳುವಿಕೆ ಮರಳುವ ಅವಕಾಶ ಹೆಚ್ಚು, ವಾರಗಳು ಕಳೆದಂತೆ ಅದು ಕುಗ್ಗುತ್ತದೆ. ಆಗ ಆಪ್ ಇನ್‌ಸ್ಟಾಲ್ ಮಾಡುತ್ತಾ ಕೂರುವುದು ಕಿವಿಯನ್ನು ಕೈಯಾರೆ ಕಳೆದುಕೊಂಡಂತೆ. ಈ ಐದಾರು ಲಕ್ಷಣಗಳಿವೆಯೇ ಅಂತ ಕನ್ನಡದಲ್ಲಿ ಮೊದಲು ಕೇಳದೆ ವಾಲ್ಯೂಮ್ ಪಟ್ಟಿ ತೆರೆಯುವ ಆಪ್ ಅನ್ನು ನಾನು ಯಾರಿಗೂ ಹೇಳುವುದಿಲ್ಲ.

ಹೆದರಿಸಿ ಮಾರುವವರ ಬಗ್ಗೆಯೂ ಒಂದು ಮಾತು. ಕಿವಿಗೆ ಏನಾದರೂ ಹಾಕಿಕೊಳ್ಳದಿದ್ದರೆ ಮರೆಗುಳಿತನ ಖಂಡಿತ ಅಂತ ಜಾಹೀರಾತು ಕೂಗುತ್ತದೆ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಡಿಮೆನ್ಷಿಯಾಕ್ಕೆ ದಾರಿಯಾಗುವ, ತಿದ್ದಬಹುದಾದ 14 ಅಂಶಗಳಲ್ಲಿ ಶ್ರವಣದೋಷವನ್ನು ಸೇರಿಸಿದೆ, ನಿಜ. 2023ರಲ್ಲಿ ಪ್ರಕಟವಾದ ಅಚೀವ್ ಎಂಬ ಪ್ರಯೋಗದಲ್ಲಿ 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ನೋಡಿದಾಗ, ಎಲ್ಲರನ್ನೂ ಒಟ್ಟಾಗಿ ಲೆಕ್ಕ ಹಾಕಿದರೆ ಹಿಯರಿಂಗ್ ಏಡ್ ಹಾಕಿದವರ ಬುದ್ಧಿಶಕ್ತಿಯ ಇಳಿತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಹೆಚ್ಚು ಅಪಾಯದಲ್ಲಿದ್ದವರಲ್ಲಿ ಮಾತ್ರ ಇಳಿತ ಸುಮಾರು ಅರ್ಧಕ್ಕೆ ತಗ್ಗಿತ್ತು. ಕಿವಿ ಸರಿಮಾಡಿಕೊಳ್ಳಲು ಈ ಭಯ ಬೇಕಿಲ್ಲ. ಎದುರಿನವರ ಮಾತು ತಿಳಿಯಬೇಕು ಅನ್ನುವುದೊಂದೇ ಸಾಕು.

ಇಯರ್‌ಬಡ್ ಹಾಕಿಕೊಂಡವರನ್ನು ನೋಡಿದರೆ ಜನ ಹಾಡು ಕೇಳುತ್ತಿದ್ದಾರೆ ಅಥವಾ ಫೋನಿನಲ್ಲಿದ್ದಾರೆ ಅಂದುಕೊಳ್ಳುತ್ತಾರೆ. ಗೃಹಪ್ರವೇಶವೊಂದರಲ್ಲಿ ನಮ್ಮ ಭಾವನವರು ನನ್ನ ಕಿವಿ ನೋಡಿ, ‘ಫೋನಲ್ಲಿದ್ದೀಯೇನಮ್ಮ, ಆಮೇಲೆ ಬರ್ತೀನಿ’ ಅಂತ ಹೊರಟೇಹೋದರು. ಅವರ ಮಾತು ಕೇಳಲೆಂದೇ ನಾನು ಅದನ್ನು ಹಾಕಿಕೊಂಡಿದ್ದೆ. ಕಿವಿ ಮಿಷನ್ನಿಗೆ ನಾಚಿ ಇಯರ್‌ಬಡ್ ಆರಿಸಿಕೊಂಡವಳು ನಾನು. ಮಿಷನ್ ಹಾಕಿದವರ ಹತ್ತಿರ ಜನ ಬಂದು, ದನಿ ಏರಿಸಿ, ಮುಖ ನೋಡಿ ಮಾತಾಡುತ್ತಾರೆ. ಬಡ್ ಹಾಕಿದವರಿಂದ ದೂರ ಹೋಗುತ್ತಾರೆ. ಮರೆಮಾಚುವುದನ್ನು ಗುಣವೆಂದು ಮಾರುವ ಸಾಧನಗಳ ಬಗ್ಗೆ ನನ್ನ ಮನಸ್ಸು ಅಲ್ಲಿಗೆ ಬದಲಾಯಿತು.

ಇನ್ನೊಂದು ಕೊರತೆ ನಮ್ಮ ಕೈಯಲ್ಲೇ ತುಂಬಬಹುದಾದದ್ದು. ಈ ಆಪ್‌ಗಳು ನನ್ನ ಕಿವಿಯನ್ನು ‘ಪೀ’ ಸದ್ದಿನಿಂದ ಅಳೆದವು. ಅತ್ತೆ, ಕತ್ತೆ, ಪತ್ತೆ ಹೇಳಿ ಯಾವುದು ಕೇಳಿಸಿತು ಅಂತ ಯಾವುದೂ ಕೇಳಲಿಲ್ಲ. ನಮ್ಮ ಮಾನಸಗಂಗೋತ್ರಿಯ ಸಂಸ್ಥೆಯಲ್ಲಿ ಮಾತಿನ ಪರೀಕ್ಷೆಗಾಗಿಯೇ ಧ್ವನಿಗಳನ್ನು ಸಮತೋಲನ ಮಾಡಿ ಕಟ್ಟಿದ ಕನ್ನಡ ಪದಪಟ್ಟಿಗಳಿವೆ. ಅವುಗಳ ಆಧಾರದ ಮೇಲೆ, ಗದ್ದಲದ ನಡುವೆ ಕನ್ನಡದ ಮಾತು ಎಷ್ಟು ತಿಳಿಯುತ್ತದೆ ಅಂತ ಅಳೆಯುವ, ಕನ್ನಡದ ವ್ಯಂಜನಗಳಿಗೆ ತಕ್ಕಂತೆ ಹೊಂದಿಸುವ ಪುಕ್ಕಟೆ ಆಪ್ ಒಂದು ಬರಬೇಕು. ಬೆಂಗಳೂರಿನಲ್ಲಿ ಅದನ್ನು ಬರೆಯಬಲ್ಲವರಿಗೆ ಬರವಿಲ್ಲ.

ಅಡುಗೆಮನೆಯಲ್ಲಿ ಹಾಕಿಕೊಂಡ ಆಪ್ ಅನ್ನು ಫೋನಿನಿಂದ ತೆಗೆದಿದ್ದೇನೆ. ಫೋನನ್ನು ಬೆಂಚಿನ ಮೇಲಿಡುವುದನ್ನು ಉಳಿಸಿಕೊಂಡಿದ್ದೇನೆ, ಊಟದ ಮೇಜಿನ ಮೇಲೂ ಇಡುತ್ತೇನೆ, ಎಲ್ಲರಿಗೂ ಹೇಳಿಯೇ ಇಡುತ್ತೇನೆ. ಬರುವ ತಿಂಗಳು ಎರಡೂ ಕಿವಿಗೆ ಹಿಯರಿಂಗ್ ಏಡ್ ಟ್ರಯಲ್‌ಗೆ ದಿನ ಗೊತ್ತುಮಾಡಿಕೊಂಡಿದ್ದೇನೆ.

ಐವತ್ತು ದಾಟಿದ ನನ್ನ ಸಹೋದ್ಯೋಗಿಗಳಲ್ಲಿ ಒಂದು ಮನವಿ. ಹಿಂದಿನ ಬೆಂಚಿನ ಮಕ್ಕಳು ಇತ್ತೀಚೆಗೆ ಸರಿಯಾಗಿ ಮಾತಾಡುತ್ತಿಲ್ಲ ಅಂತ ನಿಮಗೆ ಅನಿಸುತ್ತಿದ್ದರೆ, ಅವರ ಅಂಕ ಬರೆಯುವ ಮೊದಲು ಇಎನ್‌ಟಿ ಡಾಕ್ಟರಿಗೆ ಕಿವಿ ತೋರಿಸಿ, ಒಂದು ಆಡಿಯೋಗ್ರಾಮ್ ಮಾಡಿಸಿ. ಫೋನನ್ನು ಅದಾದ ಮೇಲೆ ಕೈಗೆತ್ತಿಕೊಳ್ಳಿ.